ಬಾಯಿ ಸೊಟ್ಟಗಾದಾಗ, ರೆಪ್ಪೆ ಇಳಿದಾಗ ದೋಷದ ಜಾಗ ಹುಡುಕುವುದು: ಕಪಾಲ ನರಗಳ ಪರೀಕ್ಷೆಗೆ ಒಂದು ಕೈಪಿಡಿ

ಮಾನ್ವಿ, ಸಿಂಧನೂರು, ಕುಷ್ಟಗಿ, ಸಿರುಗುಪ್ಪದಂತಹ ಊರುಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿ ನೋಡುವ ಕಿರಿಯ ವೈದ್ಯರನ್ನು ಮತ್ತು ಶುಶ್ರೂಷಾಧಿಕಾರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಕೈಪಿಡಿಯನ್ನು ಬರೆಯಲಾಗಿದೆ. ರೋಗಿಯನ್ನು ರಾಯಚೂರು ಅಥವಾ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಈಗಲೇ ಕಳಿಸಬೇಕೇ, ಇಲ್ಲೇ ಇಟ್ಟುಕೊಂಡು ನೋಡಬಹುದೇ ಎಂಬ ನಿರ್ಧಾರವನ್ನು ಸ್ಕ್ಯಾನ್ ಆಗುವ ಮೊದಲೇ ಇವರು ಮಾಡಬೇಕಾಗುತ್ತದೆ. ಆ ನಿರ್ಧಾರಕ್ಕೆ ಬೇಕಾದ ಸಾಮಗ್ರಿ ಬಹಳವಿಲ್ಲ. ಒಂದು ಟಾರ್ಚು, ಹತ್ತಿ, ನಾಲಿಗೆ ಒತ್ತುವ ಪಟ್ಟಿ, ಕಿವಿ ಪರೀಕ್ಷಿಸಲು 512 ಹರ್ಟ್ಜ್‌ನ ಶ್ರುತಿಕವೆ, ಚಮಚೆ, ನೀರು ಮತ್ತು ಗ್ಲೂಕೋಮೀಟರ್ ಇದ್ದರೆ ಕಪಾಲ ನರಗಳಲ್ಲಿ, ಅಂದರೆ ಮಿದುಳಿನಿಂದ ತಲೆ, ಮುಖ, ಕುತ್ತಿಗೆಗೆ ಹೋಗುವ ಹನ್ನೆರಡು ಜೋಡಿ ನರಗಳಲ್ಲಿ, ಬಹುಪಾಲನ್ನು ಹಾಸಿಗೆಯ ಪಕ್ಕದಲ್ಲೇ ಪರೀಕ್ಷಿಸಬಹುದು.

ಮೊದಲ ಪ್ರಶ್ನೆ: ತಪ್ಪಿದ್ದು ಎಲ್ಲಿ?

ರೋಗ ಯಾವುದು ಎಂದು ಕೇಳುವ ಮೊದಲು, ದೋಷ ಎಲ್ಲಿದೆ ಎಂದು ಕೇಳಬೇಕು. ಒಂದು ಕಪಾಲ ನರದ ಕೆಲಸ ಕೆಡಲು ಹಲವು ಜಾಗಗಳಿವೆ: ಅದಕ್ಕೆ ಆಜ್ಞೆ ಕೊಡುವ ಮಿದುಳಿನ ಮೇಲ್ಪದರ, ನರದ ಮೂಲಕೇಂದ್ರವಿರುವ ಮಿದುಳುಕಾಂಡ, ತಲೆಬುರುಡೆಯ ತಳದಲ್ಲಿ ನರವು ದ್ರವದ ನಡುವೆ ಹಾಯುವ ಭಾಗ, ಮೂಳೆಯೊಳಗಿನ ಕಾಲುವೆ, ಮುಖ ಅಥವಾ ಕುತ್ತಿಗೆಯಲ್ಲಿ ಕವಲೊಡೆಯುವ ಭಾಗ, ಕೊನೆಗೆ ನರ ಮತ್ತು ಸ್ನಾಯು ಕೂಡುವ ಸಂಧಿ. ತುಂಗಭದ್ರಾ ಕಾಲುವೆಯ ಕೊನೆಭಾಗದ ಹೊಲಕ್ಕೆ ನೀರು ಬಾರದಿದ್ದರೆ ರೈತರು ಮೊದಲು ಅಕ್ಕಪಕ್ಕದ ಹೊಲಗಳನ್ನು ನೋಡುತ್ತಾರೆ. ಒಂದೇ ಹೊಲ ಒಣಗಿದ್ದರೆ ದೋಷ ಅದರ ತೂಬಿನಲ್ಲಿ, ಇಡೀ ಉಪಕಾಲುವೆಯೇ ಬತ್ತಿದ್ದರೆ ದೋಷ ಮೇಲೆಲ್ಲೋ ಇದೆ. ನರದ ವಿಚಾರದಲ್ಲಿಯೂ ಕೆಟ್ಟ ನರದ ಜೊತೆಗೆ ಇನ್ನೇನು ಕೆಟ್ಟಿದೆ, ಏನು ಉಳಿದಿದೆ ಎಂಬುದೇ ಜಾಗವನ್ನು ತೋರಿಸುತ್ತದೆ.

ಈ ನೆರೆಹೊರೆಯನ್ನು ಗಟ್ಟಿ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಮಿದುಳುಕಾಂಡದ ಭಾಗಗಳು ಮೇಲಿನಿಂದ ಕೆಳಕ್ಕೆ ಮಧ್ಯಮಿದುಳು, ಪಾನ್ಸ್, ಮೆಡುಲ್ಲಾ. ಮೂರು ಮತ್ತು ನಾಲ್ಕನೆಯ ನರಗಳ ಮೂಲ ಮಧ್ಯಮಿದುಳಿನಲ್ಲಿದೆ. ಐದು, ಆರು, ಏಳನೆಯವು ಪಾನ್ಸ್‌ನಲ್ಲಿ, ಎಂಟನೆಯದು ಪಾನ್ಸ್ ಮತ್ತು ಮೆಡುಲ್ಲಾ ಸೇರುವಲ್ಲಿ, ಒಂಬತ್ತು, ಹತ್ತು, ಹನ್ನೆರಡು ಮೆಡುಲ್ಲಾದಲ್ಲಿ ಇವೆ. ಹನ್ನೊಂದನೆಯ ನರದ ಬೇರು ಮಾತ್ರ ಕುತ್ತಿಗೆಯ ಬೆನ್ನುಹುರಿಯ ಮೇಲ್ಭಾಗದಿಂದ ಹೊರಡುತ್ತದೆ. ಮುಂದೆ ಮೂರು, ನಾಲ್ಕು, ಆರು ಮತ್ತು ಐದನೆಯದರ ಮೊದಲ ಕವಲು ಒಟ್ಟಾಗಿ ಕಣ್ಣುಗೂಡಿನ ಹಿಂದಿನ ಬಿರುಕಿನಲ್ಲಿ ಹಾಯುತ್ತವೆ. ಏಳು ಮತ್ತು ಎಂಟು ಕಿವಿಯ ಒಳರಂಧ್ರದಲ್ಲಿ ಜೊತೆಯಾಗುತ್ತವೆ. ಒಂಬತ್ತು, ಹತ್ತು, ಹನ್ನೊಂದು ಕುತ್ತಿಗೆಯ ದೊಡ್ಡ ಅಭಿಧಮನಿ ಇಳಿಯುವ ರಂಧ್ರದಲ್ಲೇ ಹೊರಬರುತ್ತವೆ. ಹೀಗೆ ಜೊತೆಗೆ ಹಾಯುವ ನರಗಳು ಜೊತೆಗೇ ಸೋತರೆ ಆ ಕಿಂಡಿಯ ಬಳಿ ಹುಡುಕಬೇಕು. ಮುಖದ ಒಂದು ಬದಿಯ ನರ ಸೋತು, ದೇಹದ ಎದುರು ಬದಿಯ ಕೈಕಾಲಿನ ಬಲ ಅಥವಾ ಸ್ಪರ್ಶ ಕೆಟ್ಟಿದ್ದರೆ ದೋಷ ಮಿದುಳುಕಾಂಡದಲ್ಲಿದೆ ಎಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು.

ಬಾಯಿ ಸೊಟ್ಟಗಾಗಿದ್ದರೆ

"ಸಾಹೇಬ್ರ, ಬಾಯಿ ಸೊಟ್ಟ ಆಗೇತ್ರಿ, ಲಕ್ವಾ ಹೊಡದೈತಿ" ಎಂದು ಮನೆಯವರು ಕರೆತಂದಾಗ ಎರಡು ಬಗೆಯ ತಪ್ಪುಗಳಿಗೆ ಅವಕಾಶವಿರುತ್ತದೆ. ಪಾರ್ಶ್ವವಾಯುವನ್ನು ಬರೀ ಮುಖದ ನರದ ಬಾವು ಎಂದು ತಿಳಿದು ಮನೆಗೆ ಕಳಿಸುವುದು ಒಂದು. ಮುಖದ ನರದ ಬಾವನ್ನು ಪಾರ್ಶ್ವವಾಯು ಎಂದು ಹೆದರಿಸಿ, ಸ್ಟಿರಾಯ್ಡ್ ಕೊಡಬೇಕಾದ ಮೊದಲ ಮೂರು ದಿನಗಳನ್ನು ಅಲೆದಾಟದಲ್ಲಿ ಕಳೆಯುವುದು ಇನ್ನೊಂದು. ಮೊದಲನೆಯದು ಜೀವಕ್ಕೆ ಎರವಾಗುತ್ತದೆ, ಎರಡನೆಯದು ಮುಖಕ್ಕೆ.

ಮೊಟ್ಟಮೊದಲು ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡಬೇಕು. ಸಕ್ಕರೆ ಇಳಿದಾಗಲೂ ಒಂದು ಬದಿಯ ಬಲ ಸೋತಂತೆ ಕಾಣುವುದುಂಟು, ಮತ್ತು ಅದನ್ನು ಆ ಕ್ಷಣದಲ್ಲೇ ಸರಿಪಡಿಸಬಹುದು. ಆಮೇಲೆ ರೋಗಿಯನ್ನು ಬೆಳಕಿನತ್ತ ಕೂರಿಸಿ, ಹುಬ್ಬು ಮೇಲೆತ್ತಿ ಸೂರಿನ ಕಡೆ ನೋಡಲು ಹೇಳಬೇಕು. ಹಣೆಯ ಮೇಲ್ಭಾಗದ ಸ್ನಾಯುಗಳಿಗೆ ಮಿದುಳಿನ ಎರಡೂ ಬದಿಗಳಿಂದ ಆಜ್ಞೆ ಬರುತ್ತದೆ, ಬಾಯಿಯ ಸುತ್ತಲಿನ ಸ್ನಾಯುಗಳಿಗೆ ಮುಖ್ಯವಾಗಿ ಎದುರು ಬದಿಯಿಂದ ಮಾತ್ರ. ಆದುದರಿಂದ ಮೇಲ್ಪದರದಲ್ಲಿ ಪಾರ್ಶ್ವವಾಯು ಆದಾಗ ಬಾಯಿ ಜಾರಿದ್ದರೂ ಹಣೆಯ ಗೆರೆಗಳು ಎರಡೂ ಕಡೆ ಮೂಡುತ್ತವೆ, ಕಣ್ಣು ಮುಚ್ಚುತ್ತದೆ. ಮುಖದ ಸ್ನಾಯುಗಳನ್ನು ನಡೆಸುವ ಏಳನೆಯ ನರವೇ ಸೋತಿದ್ದರೆ ಆ ಬದಿಯ ಹಣೆ ನುಣ್ಣಗೆ ಉಳಿಯುತ್ತದೆ, ಕಣ್ಣು ಮುಚ್ಚಲು ಹೋದಾಗ ರೆಪ್ಪೆಗಳ ನಡುವೆ ಸಂದು ಉಳಿದು, ಗುಡ್ಡೆ ಮೇಲಕ್ಕೆ ಹೊರಳಿ ಬಿಳಿಭಾಗ ಮಾತ್ರ ಕಾಣುತ್ತದೆ. ಹಾಗೆ ಗುಡ್ಡೆ ಹೊರಳುವುದು ಹೊಸ ರೋಗಲಕ್ಷಣವಲ್ಲ. ಎಲ್ಲರಲ್ಲಿಯೂ ಆಗುವುದು ರೆಪ್ಪೆ ಮುಚ್ಚದಿರುವುದರಿಂದ ಹೊರಗೆ ಕಾಣಿಸುತ್ತದೆ.

ಹಣೆ ಉಳಿದಿದೆ, ಮಾತು ತೊದಲುತ್ತಿದೆ ಅಥವಾ ಅದೇ ಬದಿಯ ಕೈ ಕೆಳಗೆ ಜಾರುತ್ತಿದೆ ಎಂದಾದರೆ ಅಲ್ಲಿಗೆ ಪರೀಕ್ಷೆ ನಿಲ್ಲಿಸಿ 108ಕ್ಕೆ ಕರೆ ಮಾಡಬೇಕು. ಹೆಪ್ಪು ಕರಗಿಸುವ ಚುಚ್ಚುಮದ್ದಿನ ವೇಳೆ ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ, ಅದೂ ಸಿಟಿ ಸ್ಕ್ಯಾನ್‌ನಲ್ಲಿ ರಕ್ತಸ್ರಾವವಿಲ್ಲವೆಂದು ಖಾತ್ರಿಯಾದ ಮೇಲೆ. ಲಿಂಗಸುಗೂರು ಅಥವಾ ಯಲಬುರ್ಗಾ ಕಡೆಯ ಹಳ್ಳಿಯಿಂದ ಹೊರಟವರಿಗೆ ಹಾದಿಯಲ್ಲೇ ಆ ವೇಳೆಯ ದೊಡ್ಡ ಪಾಲು ಹೋಗುತ್ತದೆ. ಯಾವಾಗ ಶುರುವಾಯಿತು ಎಂದು ಕೇಳುವಾಗ, ಮನೆಯವರು ಗಮನಿಸಿದ ಹೊತ್ತನ್ನು ಬರೆದುಕೊಳ್ಳದೆ, ರೋಗಿಯು ಕೊನೆಯ ಬಾರಿ ಸರಿಯಾಗಿ ಇದ್ದುದನ್ನು ಯಾರಾದರೂ ಕಂಡ ಹೊತ್ತನ್ನು ಬರೆದುಕೊಳ್ಳಬೇಕು. ಬೆಳಿಗ್ಗೆ ಎದ್ದಾಗ ಸೊಟ್ಟಗಿತ್ತು ಎಂದರೆ ರಾತ್ರಿ ಮಲಗಿದ ಹೊತ್ತೇ ಲೆಕ್ಕಕ್ಕೆ ಬರುತ್ತದೆ.

ಹಣೆಯೂ ಸೋತಿದೆ ಎಂದ ಮಾತ್ರಕ್ಕೆ ನೆಮ್ಮದಿಯಾಗುವಂತಿಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಕಲಿತ ಒಂದೇ ಸೂತ್ರವನ್ನು ನಂಬಿ ಎಡವುವುದು ಇಲ್ಲಿಯೇ. ಏಳನೆಯ ನರದ ನಾರುಗಳು ಪಾನ್ಸ್‌ನೊಳಗೆ ಕಣ್ಣನ್ನು ಹೊರಕ್ಕೆ ಹೊರಳಿಸುವ ಆರನೆಯ ನರದ ಮೂಲಕೇಂದ್ರವನ್ನು ಸುತ್ತಿಕೊಂಡು ಹೊರಬರುತ್ತವೆ. ಅಲ್ಲಿ ಪಾರ್ಶ್ವವಾಯು ಆದರೆ ಹಣೆ, ಕಣ್ಣು, ಬಾಯಿ ಮೂರೂ ಸೋಲುತ್ತವೆ, ಆದರೆ ಜೊತೆಗೆ ಅದೇ ಕಣ್ಣು ಹೊರಕ್ಕೆ ಹೊರಳದು ಅಥವಾ ಎದುರು ಬದಿಯ ಕೈಕಾಲು ಸೋತಿರುತ್ತದೆ. ಹಾಗಾಗಿ ಮುಖ ನೋಡಿದ ಪ್ರತಿಯೊಬ್ಬರಲ್ಲಿಯೂ ಕಣ್ಣಿನ ಚಲನೆ ನೋಡಬೇಕು, ಎರಡೂ ಕೈ ಮುಂದೆ ಚಾಚಿಸಬೇಕು, ನಾಲ್ಕು ಹೆಜ್ಜೆ ನಡೆಸಬೇಕು.

ಈಗ ಉಳಿದದ್ದು ನರವು ಮಿದುಳನ್ನು ಬಿಟ್ಟ ಮೇಲಿನ ದಾರಿ. ಕಿವಿಯ ಹಿಂದಿನ ಮೂಳೆಯೊಳಗೆ ಸುಮಾರು 3 ಸೆಂಟಿಮೀಟರ್ ಉದ್ದದ ಇಕ್ಕಟ್ಟಾದ ಕಾಲುವೆಯಲ್ಲಿ ಏಳನೆಯ ನರ ಸಾಗುತ್ತದೆ. ಬಾವು ಬಂದರೆ ಹಿಗ್ಗಲು ಅಲ್ಲಿ ಜಾಗವಿಲ್ಲ. ಸಾಗುವಾಗ ಮೊದಲು ಕಣ್ಣೀರಿನ ಗ್ರಂಥಿಗೆ, ನಂತರ ಕಿವಿಯೊಳಗಿನ ಪುಟ್ಟ ಸ್ಟೆಪೀಡಿಯಸ್ ಸ್ನಾಯುವಿಗೆ, ಆಮೇಲೆ ನಾಲಿಗೆಯ ಮುಂದಿನ ಮೂರನೆಯ ಎರಡು ಭಾಗದ ರುಚಿಗೆ ಕವಲುಗಳನ್ನು ಕೊಡುತ್ತದೆ. ಆ ಬದಿಯ ಕಿವಿಗೆ ಪಾತ್ರೆಯ ಸದ್ದು ಕರ್ಕಶವಾಗಿ ಕೇಳುತ್ತದೆ, ಊಟಕ್ಕೆ ರುಚಿ ಇಲ್ಲ ಎಂದು ರೋಗಿ ಹೇಳಿದರೆ ದೋಷ ಕಾಲುವೆಯೊಳಗಿದೆ. ಇವೆಲ್ಲ ಸರಿಯಿದ್ದು ಮುಖದ ಒಂದು ಭಾಗ ಮಾತ್ರ ಸೋತಿದ್ದರೆ ಕಿವಿಯ ಮುಂದಿನ ಜೊಲ್ಲುಗ್ರಂಥಿಯನ್ನು ಒತ್ತಿ ನೋಡಬೇಕು; ಅಲ್ಲಿನ ಗಂಟು ನರವನ್ನು ಕಬಳಿಸಿರಬಹುದು.

ಕಿವಿಯೊಳಗೆ ಟಾರ್ಚು ಬಿಡದೆ ಬೆಲ್ ಪಾಲ್ಸಿ (ಬೇರೆ ಕಾರಣ ಸಿಗದ ಮುಖದ ನರದ ಸೋಲು) ಎಂದು ಬರೆಯಬಾರದು. ಕಿವಿಯ ಸುತ್ತ ನೀರುಗುಳ್ಳೆಗಳಿದ್ದರೆ ಅದು 1907ರಲ್ಲಿ ರ‍್ಯಾಮ್ಸೆ ಹಂಟ್ ವಿವರಿಸಿದ ಸರ್ಪಸುತ್ತಿನ ಬಗೆ. ಅದಕ್ಕೆ ವೈರಾಣು ನಿರೋಧಕ ಔಷಧವೂ ಬೇಕು, ಚೇತರಿಕೆಯೂ ನಿಧಾನ. ಕಿವಿ ವರ್ಷಗಟ್ಟಲೆ ಸೋರುತ್ತಿದ್ದು, ನಾರುವ ಕೀವಿನೊಂದಿಗೆ ಮುಖ ಸೋತಿದ್ದರೆ ಮೂಳೆ ಕೊರೆದುಹೋಗಿದೆ ಎಂದೇ ತಿಳಿದು ಕಿವಿ-ಮೂಗು-ಗಂಟಲು ತಜ್ಞರಿಗೆ ಅಂದೇ ಕಳಿಸಬೇಕು. ಈ ಜಿಲ್ಲೆಗಳಲ್ಲಿ ಕುಷ್ಠರೋಗವನ್ನೂ ಮರೆಯುವಂತಿಲ್ಲ. ಕೆನ್ನೆಯ ಮೂಳೆಯ ಮೇಲೆ ಸ್ಪರ್ಶವಿಲ್ಲದ ಮಚ್ಚೆ, ಕುತ್ತಿಗೆಯ ಬದಿಯಲ್ಲಿ ಹಗ್ಗದಂತೆ ಕೈಗೆ ಸಿಗುವ ನರ, ಬಾಯಿ ಸರಿಯಿದ್ದು ಕಣ್ಣು ಮಾತ್ರ ಮುಚ್ಚದಿರುವುದು ಇದ್ದರೆ ಏಳನೆಯ ನರದ ಮೇಲಿನ ಕವಲು ಮಾತ್ರ ಹೋಗಿದೆ. ಅದರ ಜೊತೆಗೆ ಮುಖದ ಸ್ಪರ್ಶವನ್ನು ಒಯ್ಯುವ ಐದನೆಯ ನರವೂ ಸೋತಿದ್ದರೆ ಕಾರ್ನಿಯಾಕ್ಕೆ (ಕಣ್ಣಿನ ಮುಂದಿನ ಪಾರದರ್ಶಕ ಪೊರೆಗೆ) ಧೂಳು ತಾಗಿದ್ದು ರೋಗಿಗೆ ತಿಳಿಯುವುದಿಲ್ಲ, ಕಣ್ಣು ಕುರುಡಾಗಲು ಹೆಚ್ಚು ದಿನ ಬೇಡ.

ಇವು ಯಾವುವೂ ಇಲ್ಲದೆ, ಮೂರು ದಿನಗಳೊಳಗೆ ಏರಿದ ಒಂದೇ ಬದಿಯ ಸೋಲು ಮಾತ್ರ ಉಳಿದರೆ ಅದು ಬೆಲ್ ಪಾಲ್ಸಿ. ಸ್ಕಾಟ್ಲೆಂಡಿನ ಚಾರ್ಲ್ಸ್ ಬೆಲ್ (1774–1842) ಅವರ ಹೆಸರು ಹೊತ್ತ ಈ ಸ್ಥಿತಿಗೆ 72 ಗಂಟೆಯೊಳಗೆ ಶುರು ಮಾಡಿದ ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್ ನಿಜಕ್ಕೂ ಪ್ರಯೋಜನ ಕೊಡುತ್ತದೆ. ವಯಸ್ಕರಿಗೆ ದಿನಕ್ಕೆ 50 ಮಿಲಿಗ್ರಾಂನಂತೆ ಹತ್ತು ದಿನ ಕೊಡುವುದು ಒಂದು ಒಪ್ಪಿತ ಕ್ರಮ. ಸಕ್ಕರೆ ಕಾಯಿಲೆಯವರಲ್ಲಿ ಆ ದಿನಗಳ ಸಕ್ಕರೆಯನ್ನು ಬಿಗಿಯಾಗಿ ಕಾಯಬೇಕು. ಮಾತ್ರೆಗಿಂತ ಕಣ್ಣಿನ ಆರೈಕೆ ಕಡಿಮೆಯದಲ್ಲ. ಬೇಸಿಗೆಯ ಬಿಸಿಗಾಳಿ, ಹೊಲದ ಧೂಳು, ಗಣಿ ಲಾರಿಗಳ ಕೆಂಪು ಹುಡಿ ಇರುವ ಸಂಡೂರಿನಂತಹ ಕಡೆ ಮುಚ್ಚದ ಕಣ್ಣು ಒಂದೇ ದಿನದಲ್ಲಿ ಕೆಂಪಾಗುತ್ತದೆ. ಹಗಲು ಕೃತಕ ಕಣ್ಣೀರಿನ ಹನಿ, ರಾತ್ರಿ ಮುಲಾಮು ಹಾಕಿ, ರೆಪ್ಪೆಯನ್ನು ಕೈಯಿಂದ ಪೂರ್ತಿ ಮುಚ್ಚಿದ ಮೇಲೆಯೇ ಟೇಪು ಅಂಟಿಸಬೇಕು. ತೆರೆದ ಕಣ್ಣಿನ ಮೇಲೆ ಹತ್ತಿ ಇಟ್ಟು ಕಟ್ಟಿದರೆ ಹತ್ತಿಯೇ ಕಾರ್ನಿಯಾವನ್ನು ಗೀರುತ್ತದೆ. ಹೆಚ್ಚಿನವರಲ್ಲಿ ಮೂರು ವಾರದೊಳಗೆ ಚಲನೆ ಮರಳತೊಡಗುತ್ತದೆ; ನಾಲ್ಕು ತಿಂಗಳಾದರೂ ಚೂರೂ ಮರಳದಿದ್ದರೆ, ಅಥವಾ ವಾರಗಟ್ಟಲೆ ನಿಧಾನವಾಗಿ ಏರುತ್ತಲೇ ಹೋದರೆ, ರೋಗನಿರ್ಣಯವೇ ತಪ್ಪಿದೆ ಎಂದು ತಿಳಿದು ಗಡ್ಡೆಗಾಗಿ ಹುಡುಕಬೇಕು. ಎರಡೂ ಬದಿಯ ಮುಖ ಒಮ್ಮೆಗೇ ಸೋತಿದ್ದರೆ ಮಂಡಿಯ ಪ್ರತಿವರ್ತನೆಯನ್ನು ಬಡಿದು ನೋಡಬೇಕು. ಅದು ಇಲ್ಲವಾದರೆ ಮೈಯ ನರಗಳೆಲ್ಲ ಸೋಲುವ ಗೀಯನ್-ಬಾರೆ ರೋಗ ಆಗಿರಬಹುದು, ಉಸಿರಾಟದ ಸ್ನಾಯುಗಳ ಸರದಿ ಮುಂದಿನದು.

ರೆಪ್ಪೆ ಇಳಿದಿದ್ದರೆ

ಒಂದೇ ರೆಪ್ಪೆಯೋ ಎರಡೂ ರೆಪ್ಪೆಗಳೋ ಎಂಬಲ್ಲಿ ದಾರಿ ಕವಲೊಡೆಯುತ್ತದೆ.

ಒಂದೇ ರೆಪ್ಪೆಯಾದರೆ ಅದನ್ನು ಬೆರಳಿನಿಂದ ಎತ್ತಿ ಪಾಪೆಯನ್ನು ನೋಡಬೇಕು. ರೆಪ್ಪೆಯನ್ನು ಎತ್ತುವ, ಕಣ್ಣನ್ನು ಹೊರಳಿಸುವ ಮೂರನೆಯ ನರ ಸೋತಾಗ ಗುಡ್ಡೆ ಕೆಳಕ್ಕೂ ಹೊರಕ್ಕೂ ತಿರುಗಿರುತ್ತದೆ. ಪಾಪೆಯನ್ನು ಕಿರಿದುಗೊಳಿಸುವ ನಾರುಗಳು ಈ ನರದ ಹೊರಮೈಯಲ್ಲಿ ಇರುವುದರಿಂದ, ಹೊರಗಿನಿಂದ ಒತ್ತಡ ಬಿದ್ದಾಗ ಅವು ಬೇಗನೆ ನಲುಗುತ್ತವೆ. ಆದ್ದರಿಂದ ಪಾಪೆ ಅಗಲವಾಗಿ, ಬೆಳಕಿಗೆ ಕಿರಿದಾಗದೆ, ಜೊತೆಗೆ ತಲೆನೋವಿದ್ದರೆ ಮಿದುಳಿನ ರಕ್ತನಾಳ ಉಬ್ಬಿ ನರವನ್ನು ಒತ್ತುತ್ತಿದೆ ಎಂದು ತಿಳಿದು ತುರ್ತಾಗಿ ಕಳಿಸಬೇಕು. ಆ ಉಬ್ಬು ಒಡೆದರೆ ಉಳಿಯುವುದು ಕಷ್ಟ. ಸಕ್ಕರೆ ಕಾಯಿಲೆಯಲ್ಲಿ ನರದ ಒಳತಿರುಳಿನ ಸಣ್ಣ ರಕ್ತನಾಳ ಕಟ್ಟುವುದರಿಂದ ಪಾಪೆ ಸಾಮಾನ್ಯವಾಗಿ ಉಳಿಯುತ್ತದೆ ಮತ್ತು ಕೆಲವು ತಿಂಗಳಲ್ಲಿ ಕಣ್ಣು ಮರಳುತ್ತದೆ. ಆದರೂ ಮೊದಲ ವಾರದಲ್ಲಿ ಪಾಪೆಯನ್ನು ದಿನವೂ ನೋಡಬೇಕು, ಸಕ್ಕರೆ ಇದೆ ಎಂಬ ಕಾರಣಕ್ಕೆ ಉಳಿದ ಸಾಧ್ಯತೆಗಳನ್ನು ಬಿಟ್ಟುಬಿಡಬಾರದು. ರೆಪ್ಪೆ ಒಂದೆರಡು ಮಿಲಿಮೀಟರ್ ಮಾತ್ರ ಇಳಿದು ಪಾಪೆ ಚಿಕ್ಕದಾಗಿದ್ದರೆ ಅದು ಕಪಾಲ ನರದ ದೋಷವೇ ಅಲ್ಲ, ಎದೆ-ಕುತ್ತಿಗೆಯ ಮೂಲಕ ಕಣ್ಣಿಗೆ ಬರುವ ಸಿಂಪಥೆಟಿಕ್ ನರದ ದೋಷ, ಅಂದರೆ ಹಾರ್ನರ್ ಲಕ್ಷಣ. ಶ್ವಾಸಕೋಶದ ತುದಿಯನ್ನು ಮತ್ತು ಕುತ್ತಿಗೆಯನ್ನು ಪರೀಕ್ಷಿಸಬೇಕು.

ಎರಡೂ ರೆಪ್ಪೆಗಳು ಒಟ್ಟಿಗೆ ಇಳಿದಿದ್ದರೆ ಮನಸ್ಸು ನರದಿಂದ ನರ-ಸ್ನಾಯು ಸಂಧಿಗೆ ಹೋಗಬೇಕು. ಭತ್ತದ ಗದ್ದೆಗಳ ನಡುವೆ ಇರುವ ಗಂಗಾವತಿ, ಸಿಂಧನೂರಿನ ಕಡೆ ಮೊದಲ ಶಂಕೆ ಹಾವಿನದು. ಕಟ್ಟುಹಾವು ರಾತ್ರಿ ಹೊತ್ತು ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವು, ಬಾವು ಇರುವುದಿಲ್ಲ, ಹಲ್ಲಿನ ಗುರುತು ಹುಡುಕಿದರೂ ಸಿಗದಿರಬಹುದು. ಬೆಳಗಿನ ಜಾವ ಹೊಟ್ಟೆನೋವು ಅಥವಾ ವಾಂತಿ ಎಂದು ಎದ್ದ ಮಗು ಕಣ್ಣು ತೆರೆಯಲಾರದೆ, ನುಂಗಲಾರದೆ ಬಂದರೆ, ಕಚ್ಚಿದ ಕಥೆ ಇಲ್ಲದಿದ್ದರೂ ಹಾವಿನ ವಿಷವೆಂದೇ ಚಿಕಿತ್ಸೆ ಶುರು ಮಾಡಬೇಕು. ಪ್ರತಿವಿಷದ ಮೊದಲ ಪ್ರಮಾಣ ಮಕ್ಕಳಿಗೂ ದೊಡ್ಡವರಿಗೂ ಒಂದೇ, 10 ಸೀಸೆ. ನಿಯೋಸ್ಟಿಗ್ಮಿನ್ ಅನ್ನು ಅಟ್ರೋಪಿನ್ ಜೊತೆ ಕೊಟ್ಟಾಗ ನಾಗರಹಾವಿನ ಕಡಿತದಲ್ಲಿ ರೆಪ್ಪೆ ಏಳುವುದುಂಟು. ಕಟ್ಟುಹಾವಿನ ವಿಷವು ನರದ ತುದಿಯನ್ನೇ ಹಾಳುಮಾಡುವುದರಿಂದ ಅದರಲ್ಲಿ ಫಲ ಸಾಮಾನ್ಯವಾಗಿ ಕಾಣದು. ಹೀಗೆ ಪೂರ್ತಿ ಸ್ತಬ್ಧವಾದ ರೋಗಿಯಲ್ಲಿ ಪಾಪೆಗಳು ಅಗಲವಾಗಿ ಬೆಳಕಿಗೂ ಅಲುಗದೆ ಇರಬಹುದು. ಅದನ್ನು ಕಂಡು ಮಿದುಳು ಸತ್ತಿದೆ ಎಂದು ಅಂಬುಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಒತ್ತುವುದನ್ನು ಎಂದಿಗೂ ನಿಲ್ಲಿಸಬಾರದು. ಆ ರೋಗಿಗೆ ಎಚ್ಚರವಿರುತ್ತದೆ, ಸುತ್ತಲಿನ ಮಾತು ಕೇಳಿಸುತ್ತಿರುತ್ತದೆ, ಉಸಿರು ಕೊಡುತ್ತಾ ಹೋದರೆ ಅವರು ಎದ್ದು ಮನೆಗೆ ಹೋಗುತ್ತಾರೆ.

ಎರಡನೆಯ ಶಂಕೆ ಕೀಟನಾಶಕದ್ದು. ಹತ್ತಿ, ಮೆಣಸಿನಕಾಯಿ, ಭತ್ತ ಬೆಳೆಯುವ ಸೀಮೆಯಲ್ಲಿ ಆರ್ಗನೋಫಾಸ್ಫೇಟ್ ಔಷಧಿ ಕುಡಿದವರು ಅಥವಾ ಸಿಂಪಡಿಸುವಾಗ ಮೈಗೆ ತಾಗಿಸಿಕೊಂಡವರು ಬರುತ್ತಲೇ ಇರುತ್ತಾರೆ. ಅಟ್ರೋಪಿನ್‌ನಿಂದ ಬೆವರು, ಜೊಲ್ಲು, ಎದೆಯ ಗೊರಗೊರ ಎಲ್ಲ ಇಳಿದು, ರೋಗಿ ಚೇತರಿಸಿಕೊಂಡರು ಎಂದು ಎಲ್ಲರೂ ಉಸಿರುಬಿಡುವ ಹೊತ್ತಿಗೆ, ಅಂದರೆ ವಿಷ ಸೇರಿದ ಒಂದರಿಂದ ನಾಲ್ಕು ದಿನಗಳ ನಡುವೆ, ಕಪಾಲ ನರಗಳು ನಡೆಸುವ ಸ್ನಾಯುಗಳು ಮತ್ತು ಕುತ್ತಿಗೆ ಸೋಲುವುದುಂಟು. 1987ರಲ್ಲಿ ಶ್ರೀಲಂಕಾದ ವೈದ್ಯರು ಇದಕ್ಕೆ ಮಧ್ಯಂತರ ಲಕ್ಷಣಕೂಟ ಎಂಬ ಅರ್ಥದ ಹೆಸರು ಕೊಟ್ಟರು. ಇದನ್ನು ಹಿಡಿಯಲು ಒಂದೇ ಪರೀಕ್ಷೆ ಸಾಕು: ಅಂಗಾತ ಮಲಗಿದ ರೋಗಿಗೆ ದಿಂಬಿನಿಂದ ತಲೆ ಎತ್ತಿ ಹಿಡಿಯಲು ಹೇಳುವುದು. ನಿನ್ನೆ ಎತ್ತಿದ ತಲೆಯನ್ನು ಇಂದು ಎತ್ತಲಾಗುತ್ತಿಲ್ಲ ಎಂದರೆ, ಆಕ್ಸಿಜನ್ ಅಂಕಿ ಸರಿಯಿದ್ದರೂ ವೆಂಟಿಲೇಟರ್ ಇರುವ ಕಡೆಗೆ ಕಳಿಸುವ ಹೊತ್ತು ಅದೇ. ವಾರ್ಡಿನ ಶುಶ್ರೂಷಾಧಿಕಾರಿಗಳು ನಾಡಿಮಿಡಿತ, ರಕ್ತದೊತ್ತಡ ಬರೆಯುವ ಹಾಳೆಯಲ್ಲೇ ಇದಕ್ಕೊಂದು ಅಂಕಣ ಮಾಡಿಕೊಳ್ಳುವುದು ಒಳ್ಳೆಯದು.

ಇವೆರಡೂ ಅಲ್ಲದೆ, ಬೆಳಿಗ್ಗೆ ಸರಿಯಿದ್ದ ರೆಪ್ಪೆ ಸಂಜೆಗೆ ಇಳಿಯುತ್ತದೆ, ಉಣ್ಣುತ್ತಾ ಉಣ್ಣುತ್ತಾ ದವಡೆ ಸೋಲುತ್ತದೆ ಎಂದರೆ ಮಯಸ್ತೀನಿಯಾ, ಅಂದರೆ ಬಳಸಿದಷ್ಟೂ ಸ್ನಾಯು ದಣಿಯುವ ನರ-ಸ್ನಾಯು ಸಂಧಿಯ ರೋಗ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಮುಚ್ಚಿದ ರೆಪ್ಪೆಯ ಮೇಲೆ ಎರಡು ನಿಮಿಷ ಇಟ್ಟು ತೆಗೆದಾಗ ರೆಪ್ಪೆ 2 ಮಿಲಿಮೀಟರ್‌ನಷ್ಟಾದರೂ ಏರಿದರೆ ಶಂಕೆ ಬಲವಾಗುತ್ತದೆ. ಇದರಲ್ಲಿ ಪಾಪೆ ಎಂದಿಗೂ ಕೆಡುವುದಿಲ್ಲ.

ಎರಡೆರಡು ಕಾಣುತ್ತಿದ್ದರೆ

ಒಂದು ಕಣ್ಣು ಮುಚ್ಚಿದಾಗಲೂ ಎರಡು ಕಂಡರೆ ಅದು ಕಣ್ಣಿನ ಒಳಗಿನ ತೊಂದರೆ, ನರದ್ದಲ್ಲ. ಒಂದು ಮುಚ್ಚಿದಾಗ ಸರಿಯಾದರೆ ಮುಂದೆ ನೋಡಬೇಕು. ಪಕ್ಕಕ್ಕೆ ದೂರ ನೋಡುವಾಗ ಹೆಚ್ಚಾದರೆ ಆರನೆಯದು. ಮೆಟ್ಟಿಲಿಳಿಯುವಾಗ, ಓದುವಾಗ ಹೆಚ್ಚಾಗಿ, ರೋಗಿ ತಲೆಯನ್ನು ಸೋತ ಕಣ್ಣಿನ ಎದುರು ಹೆಗಲಿಗೆ ವಾಲಿಸಿಕೊಂಡಿದ್ದರೆ ನಾಲ್ಕನೆಯದು. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರಲ್ಲಿ ನಾಲ್ಕನೆಯದು ಸೋಲುವುದು ಸಾಮಾನ್ಯ.

ಆರನೆಯ ನರ ಮಾತ್ರ ಮೋಸಗೊಳಿಸುತ್ತದೆ. ತಲೆಬುರುಡೆಯೊಳಗಿನ ಒತ್ತಡ ಏರಿದಾಗ, ಅದರ ಕಾರಣ ಎಲ್ಲಿಯೇ ಇದ್ದರೂ, ಈ ನರ ಜಗ್ಗಿ ಸೋಲುತ್ತದೆ. ವಾರಗಳಿಂದ ಸಣ್ಣ ಜ್ವರ, ತಲೆನೋವು, ಮಂಕು ಇದ್ದವರಲ್ಲಿ ಕಣ್ಣು ಹೊರಳದಿದ್ದರೆ ಕ್ಷಯದ ಮಿದುಳುಪೊರೆಯ ಉರಿಯೂತವನ್ನೂ, ಬಾಣಂತಿಯಲ್ಲಿ ತಲೆನೋವಿನೊಂದಿಗೆ ಹೀಗಾದರೆ ಮಿದುಳಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರುವುದನ್ನೂ ಯೋಚಿಸಬೇಕು. ಬಾಣಂತಿಗೆ ನೀರು ಕೊಡದೆ ಇಡುವ ಪದ್ಧತಿ ಇರುವ ಮನೆಗಳಲ್ಲಿ ಈ ಅಪಾಯದ ಬಗ್ಗೆ ಮನೆಯ ಹಿರಿಯ ಹೆಣ್ಣುಮಕ್ಕಳಿಗೆ ತಿಳಿಸಿ ಹೇಳುವುದು ವೈದ್ಯರ ಕೆಲಸವೇ ಹೌದು.

ನುಂಗಲು, ಮಾತಾಡಲು ಕಷ್ಟವಾದರೆ

ಬಾಯಿ ತೆರೆಸಿ "ಆ" ಎನ್ನಿಸಿದಾಗ ಕಿರುನಾಲಿಗೆ ಆರೋಗ್ಯವಾದ ಬದಿಗೆ ಎಳೆಯಲ್ಪಡುತ್ತದೆ, ಆದರೆ ನಾಲಿಗೆ ಹೊರಚಾಚಿದಾಗ ಸೋತ ಬದಿಗೆ ತಿರುಗುತ್ತದೆ. ಮೊದಲನೆಯದು ಹತ್ತನೆಯ ನರದ್ದು, ಎರಡನೆಯದು ಹನ್ನೆರಡನೆಯದರದ್ದು. ಎರಡರ ದಿಕ್ಕನ್ನು ಅದಲುಬದಲು ಮಾಡಿಕೊಳ್ಳುವುದು ಬಹಳ ಸುಲಭ. ನಾಲಿಗೆಯ ಒಂದು ಬದಿ ಬತ್ತಿ, ಬಾಯೊಳಗೆ ಸುಮ್ಮನಿದ್ದಾಗಲೂ ಮಿಡಿಯುತ್ತಿದ್ದರೆ ದೋಷ ಹನ್ನೆರಡನೆಯ ನರದಲ್ಲೋ ಅದರ ಮೂಲಕೇಂದ್ರದಲ್ಲೋ ಇದೆ, ಮೇಲ್ಪದರದಲ್ಲಿ ಅಲ್ಲ.

ಪಾರ್ಶ್ವವಾಯುವಿನ ಶಂಕೆ ಇರುವ ಯಾರಿಗೂ, ನೇರ ಕೂರಿಸಿ ಒಂದೊಂದೇ ಚಮಚೆ ನೀರು ಕುಡಿಸಿ ಕೆಮ್ಮು ಬರುವುದಿಲ್ಲ, ದನಿ ಒದ್ದೆಯಾಗುವುದಿಲ್ಲ ಎಂದು ನೋಡುವ ತನಕ ಚಹಾ, ಗಂಜಿ, ಮಾತ್ರೆ ಏನನ್ನೂ ಬಾಯಿಗೆ ಹಾಕಬಾರದು. ತಲೆಸುತ್ತು, ಬಿಕ್ಕಳಿಕೆ, ಗೊಗ್ಗರು ದನಿಯೊಂದಿಗೆ ಮುಖದ ಒಂದು ಬದಿಯ ಮತ್ತು ಮೈಯ ಎದುರು ಬದಿಯ ನೋವು-ಬಿಸಿಯ ಅರಿವು ಹೋಗಿದ್ದರೆ ಮೆಡುಲ್ಲಾದ ಪಾರ್ಶ್ವದಲ್ಲಿ ಪಾರ್ಶ್ವವಾಯು ಆಗಿದೆ. ಕೈಕಾಲಿನ ಬಲ ಉಳಿದಿರುವುದರಿಂದ ಇದನ್ನು ಬರೀ ಪಿತ್ತದ ತಲೆಸುತ್ತು ಎಂದು ಬಿಟ್ಟುಬಿಡುವ ಅಪಾಯವಿದೆ. ದನಿ ಮಾತ್ರ ವಾರಗಟ್ಟಲೆ ಒಡೆದಿದ್ದರೆ ಎದೆಯ ಎಕ್ಸ್‌ರೇ ತೆಗೆಸಬೇಕು, ಏಕೆಂದರೆ ಎಡ ಧ್ವನಿತಂತುವಿನ ನರ ಎದೆಯೊಳಗೆ ಇಳಿದು ಮಹಾಪಧಮನಿಯ ಕಮಾನನ್ನು ಸುತ್ತಿ ಮೇಲೆ ಬರುತ್ತದೆ. ಕ್ಷಯದ ಗಂಟು, ಶ್ವಾಸಕೋಶದ ಗಡ್ಡೆ, ಮೈಟ್ರಲ್ ಕವಾಟ ಕಿರಿದಾಗಿ ಹಿಗ್ಗಿದ ಹೃದಯ ಇವು ಯಾವುದಾದರೂ ಅದನ್ನು ಅಲ್ಲಿ ಒತ್ತಬಹುದು.

ಉಳಿದವು

ವಾಸನೆಯನ್ನು ಕಾಫಿಪುಡಿಯಿಂದ ಪರೀಕ್ಷಿಸಬೇಕು; ಅಮೋನಿಯಾ, ಸ್ಪಿರಿಟ್ ಮೂಗನ್ನು ಚುರುಗುಟ್ಟಿಸಿ ಐದನೆಯ ನರವನ್ನು ಎಬ್ಬಿಸುವುದರಿಂದ ಉತ್ತರ ತಪ್ಪುತ್ತದೆ. ತಲೆಗೆ ಪೆಟ್ಟಾದವರಲ್ಲಿ ವಾಸನೆ ಹೋಗಿ ಮೂಗಿನಿಂದ ನೀರಿನಂತಹ ದ್ರವ ಸೋರಿದರೆ ಅದು ನೆಗಡಿಯಲ್ಲ. ಬಾಯಿ ತೆರೆಯಲಾಗದ ಯುವಕನಲ್ಲಿ ಐದನೆಯ ನರದ ಸೋಲನ್ನು ಹುಡುಕಬೇಕಿಲ್ಲ: ಆ ನರ ಸೋತರೆ ಬಾಯಿ ತೆರೆಯುತ್ತದೆ, ದವಡೆ ಸೋತ ಬದಿಗೆ ವಾಲುತ್ತದೆ ಅಷ್ಟೇ. ತೆರೆಯಲಾಗದಿದ್ದರೆ ಗುಟ್ಕಾದಿಂದ ಬಿಗಿದ ಕೆನ್ನೆಯೋ ಧನುರ್ವಾಯುವೋ ಎಂದು ನೋಡಬೇಕು. ಮುಖ ತೊಳೆಯುವಾಗ, ಅಗಿಯುವಾಗ ಮಿಂಚಿನಂತೆ ಹೊಡೆಯುವ ಕೆನ್ನೆನೋವಿಗೆ ಹಲ್ಲು ಕೀಳಿಸುವ ಮೊದಲು ನರದ ನೋವು ತಗ್ಗಿಸುವ ಕಾರ್ಬಮಜೆಪಿನ್ ಕೊಟ್ಟು ನೋಡುವುದು ಸರಿ. ಆದರೆ ಕೆನ್ನೆಯ ಸ್ಪರ್ಶವೂ ಕುಂದಿದ್ದರೆ ನರವನ್ನು ಏನೋ ಒತ್ತುತ್ತಿದೆ, ಸ್ಕ್ಯಾನ್ ಬೇಕು.

ಕಳಿಸುವ ಚೀಟಿ

ರಾಯಚೂರು ಅಥವಾ ಬಳ್ಳಾರಿಗೆ ಕಳಿಸುವ ಚೀಟಿಯಲ್ಲಿ "ಕಪಾಲ ನರ ದೋಷ" ಎಂದಷ್ಟೇ ಬರೆದರೆ ಅಲ್ಲಿನವರು ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ರೋಗಿ ಕೊನೆಯ ಬಾರಿ ಸರಿಯಿದ್ದ ಹೊತ್ತು, ಬಂದಾಗಿನ ಸಕ್ಕರೆ ಮತ್ತು ರಕ್ತದೊತ್ತಡ, ಎರಡೂ ಪಾಪೆಗಳ ಅಳತೆ ಮತ್ತು ಬೆಳಕಿಗೆ ಅವುಗಳ ಸ್ಪಂದನ, ಹಣೆ ಉಳಿದಿದೆಯೇ, ಕಣ್ಣು ಹೊರಳುತ್ತದೆಯೇ, ದಿಂಬಿನಿಂದ ತಲೆ ಎತ್ತುತ್ತಾರೆಯೇ, ನೀರು ನುಂಗಿದರೇ, ಕೊಟ್ಟ ಔಷಧ ಮತ್ತು ಕೊಟ್ಟ ಹೊತ್ತು, ಇಷ್ಟನ್ನು ಓದಲು ಬರುವ ಅಕ್ಷರದಲ್ಲಿ ಬರೆಯಬೇಕು. ನುಂಗಲಾಗದವರನ್ನು ಆಂಬ್ಯುಲೆನ್ಸಿನಲ್ಲಿ ಪಕ್ಕಕ್ಕೆ ವಾಲಿಸಿ ಮಲಗಿಸಬೇಕು, ಮತ್ತು ಎರಡೂ ರೆಪ್ಪೆ ಇಳಿದವರ ಜೊತೆಗೆ ಅಂಬುಬ್ಯಾಗ್ ಒತ್ತಲು ಬಲ್ಲವರೊಬ್ಬರನ್ನು ಕೂರಿಸದೆ ಗಾಡಿ ಹೊರಡಿಸಬಾರದು.